ನಲವತ್ತು ಕಾಳಿನ ಕಥೆ, ನಲವತ್ತೈದು ಸಾವಿರದ ಪುಸ್ತಕ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು. ವಯಸ್ಸು 34. ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತಿ (ದಲಾಲಿ) ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ರಾತ್ರಿ ಹೊತ್ತು ಕಥೆ ಬರೆಯುತ್ತೇನೆ. ಇಲ್ಲಿವರೆಗೆ 9 ಕಥೆಗಳಾಗಿವೆ, ಒಂದೂ ಎಲ್ಲೂ ಅಚ್ಚಾಗಿಲ್ಲ. ಒಬ್ಬ ಪ್ರಕಾಶಕರು 45,000 ರೂಪಾಯಿ ಕೊಟ್ಟರೆ 500 ಪ್ರತಿ ಹಾಕಿಸಿ, ನನಗೆ 100 ಪ್ರತಿ ಕೊಟ್ಟು, ಬಿಡುಗಡೆ ಸಮಾರಂಭವನ್ನೂ ತಾವೇ ಮಾಡುತ್ತೇವೆ ಅನ್ನುತ್ತಿದ್ದಾರೆ. ಶನಿವಾರದೊಳಗೆ ಹೇಳಬೇಕಂತೆ. ಕಥೆ ಓದಿದ ನಮ್ಮ ಮಾಸ್ತರು ‘ಮಾತುಕತೆಯನ್ನೆಲ್ಲ ಶುದ್ಧ ಕನ್ನಡಕ್ಕೆ ತಿರುಗಿಸು’ ಅಂದರು. ಇನ್ನೊಂದು ಭಯ, ನಮ್ಮ ಸಾಹುಕಾರರು ಕಥೆಯೊಳಗಿದ್ದಾರೆ, ಗುರುತು ಸಿಗುತ್ತದೆ. ಬರೆದು ಬದುಕಬಹುದಾ ಅನ್ನುವುದನ್ನೂ ಹೇಳಿ. ಒಂದು ಕಥೆ ಜೊತೆಗಿಟ್ಟಿದ್ದೇನೆ.

ಉತ್ತರ: ಶನಿವಾರದ ಗಡುವು ಇದೆ ಅಂದಿದ್ದೀರಿ. ಹಾಗಾಗಿ ದುಡ್ಡಿನ ಮಾತು ಮೊದಲು ಮುಗಿಸೋಣ. ಕೊಡಬೇಡಿ.

ನೀವು ಲೆಕ್ಕದ ಮನುಷ್ಯರು, ಇದು ನನಗಿಂತ ಬೇಗ ನಿಮಗೆ ಹೊಳೆಯಬೇಕಿತ್ತು. 45,000ವನ್ನು 500ರಿಂದ ಭಾಗಿಸಿ. ಪ್ರತಿಗೆ 90 ರೂಪಾಯಿ ಬಂತು. ನಿಮ್ಮ ಒಂಬತ್ತು ಕಥೆ ಡೆಮಿ ಆಕಾರದಲ್ಲಿ (ಸಾಮಾನ್ಯ ಕಥೆಪುಸ್ತಕದ ಅಳತೆ) 150 ಪುಟ ದಾಟುವುದಿಲ್ಲ. ಒಳಗೆ ಕಪ್ಪು-ಬಿಳುಪು, ಮೇಲೆ ಬಣ್ಣದ ಮುಖಪುಟ, ಸಾದಾ ಬೈಂಡಿಂಗ್. ಇಂಥ ಪುಸ್ತಕದ ಅಚ್ಚಿನ ಖರ್ಚು ಹೆಚ್ಚುಕಡಿಮೆ ಆ 90ರೊಳಗೇ ಮುಗಿಯುತ್ತದೆ. ಅಂದರೆ ಖರ್ಚು ಪೂರ್ತಿ ನಿಮ್ಮದು. ನಿಮ್ಮ ಕೈಗೆ ಬರುವುದು 100 ಪ್ರತಿ. ನಿಮ್ಮದೇ ಪುಸ್ತಕವನ್ನು ನೀವು ಪ್ರತಿಗೆ 450 ಕೊಟ್ಟು ಕೊಂಡ ಹಾಗಾಯಿತು. ಉಳಿದ 400 ಪ್ರತಿ ಅವರದು. ಬೆಲೆ 180 ಅಂತ ಇಟ್ಟುಕೊಳ್ಳಿ. ಅಂಗಡಿಯವರಿಗೆ ಶೇ 40 ಬಿಟ್ಟುಕೊಟ್ಟರೂ ಅವರಿಗೆ 43,200 ಬರುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಆ ದುಡ್ಡೂ ಅವರ ಖಾತೆಗೇ. ಆ 400 ಪ್ರತಿಗೆ ನಿಮಗೆ ಗೌರವಧನ ಎಷ್ಟು ಅಂತ ಕೇಳಿದ್ದೀರಾ? ರೂಢಿಯಲ್ಲಿರುವುದು ಮುಖಬೆಲೆಯ ಶೇ 10. ಆ ಲೆಕ್ಕದಲ್ಲಿ 7,200 ನಿಮಗೆ ಬರಬೇಕು. ಅವರ ಮಾತಿನಲ್ಲಿ ಅದರ ಸುದ್ದಿಯೇ ಇಲ್ಲ.

ಕೈಯಿಂದ ದುಡ್ಡು ಹಾಕಿ ಪುಸ್ತಕ ಮಾಡುವುದು ಪಾಪವೇನಲ್ಲ. ನಾನೂ ಮಾಡಿದ್ದೇನೆ. ಆದರೆ ಮುದ್ರಣಾಲಯಕ್ಕೆ ದುಡ್ಡು ಕೊಟ್ಟರೆ 500ಕ್ಕೆ 500 ಪ್ರತಿ ನಿಮ್ಮ ಮನೆಗೆ ಬರುತ್ತವೆ. ಪ್ರಕಾಶಕ ಅನ್ನಿಸಿಕೊಂಡವನು ತನ್ನ ದುಡ್ಡು ಹೂಡಬೇಕು, ಅದಕ್ಕೇ ಅವನಿಗೆ ಲಾಭ ಸಲ್ಲುವುದು. ನಿಮ್ಮ ಗಂಜಿನಲ್ಲಿ ಯಾರಾದರೂ ‘ಭತ್ತವೂ ನಿಂದು, ಲಾರಿ ಬಾಡಿಗೆಯೂ ನಿಂದು, ಮಾರಿದ ದುಡ್ಡು ಮಾತ್ರ ನಂದು’ ಅಂದರೆ ಏನು ಮಾಡುತ್ತೀರಿ?

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಮೊದಲ ಪುಸ್ತಕ ಅನ್ನುವುದು ಒಂದೇ ಸಲ ಬರುತ್ತದೆ. ಕನ್ನಡದಲ್ಲಿ ಕೆಲವು ಬಾಗಿಲು ಮೊದಲ ಪುಸ್ತಕಕ್ಕೆ ಮಾತ್ರ ತೆರೆಯುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ಹಸ್ತಪ್ರತಿ ಕಳಿಸಬೇಕು, ಆಯ್ಕೆಯಾಗಬೇಕು. ಅದಕ್ಕೆ ವಯಸ್ಸಿನ ಮಿತಿ ಇರುತ್ತದೆ. ನಿಮಗೆ 34 ಆಯಿತು, ಹಾಗಾಗಿ ಮುಂದಿನ ಪ್ರಕಟಣೆ ಬಂದ ಕೂಡಲೇ ಮೊದಲು ಆ ಸಾಲು ಓದಿ. ಇನ್ನೊಂದು, ನಮ್ಮ ಸಂಡೂರಿನವರೇ ಆದ ಕಥೆಗಾರ ವಸುಧೇಂದ್ರ ಅವರು ಕಟ್ಟಿದ ‘ಛಂದ ಪುಸ್ತಕ’ ಪ್ರಕಾಶನ. ಅವರು ಮೊದಲ ಕಥಾ ಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ತಾವೇ ಪುಸ್ತಕ ಮಾಡುತ್ತಾ ಬಂದಿದ್ದಾರೆ. ಶನಿವಾರ ನೀವು ‘ಹೂಂ’ ಅಂದರೆ ಈ ಎರಡೂ ಬಾಗಿಲು ಮುಚ್ಚಿದವು ಅಂತಲೇ ಲೆಕ್ಕ. 45,000 ಕೊಟ್ಟು ಬಾಗಿಲು ಹಾಕಿಸಿಕೊಂಡ ಹಾಗೆ.

ನನ್ನ ಮೊದಲ ಪುಸ್ತಕದ ಕಥೆ ಹೇಳಿಬಿಡುತ್ತೇನೆ. ಒಬ್ಬರು ಹೀಗೇ ಮಾತಾಡಿ 1000 ಪ್ರತಿ ಹಾಕಿಸಿದರು. ಬಿಡುಗಡೆಯ ದಿನ ಶಾಲು, ಹಾರ, ಮೈಕು. ಮರುದಿನ ಒಂದು ಟೆಂಪೋದಲ್ಲಿ 600 ಪ್ರತಿ ಕೊಪ್ಪಳದ ನಮ್ಮ ಮನೆ ಮುಂದೆ ಇಳಿದವು. ‘ನಿಮ್ಮ ಕಡೆ ನೀವೇ ಮಾರಿಕೊಳ್ಳಿ ಸರ್, ನಮಗೆ ಜಾಗ ಇಲ್ಲ’ ಅಂದರು. ನಾಲ್ಕು ವರ್ಷ ಮಂಚದ ಕೆಳಗಿದ್ದವು. ಮದುವೆಗೆ ಹೋದಾಗ ಮುಯ್ಯಿ ಬದಲು ಪುಸ್ತಕ ಕೊಡುತ್ತಿದ್ದೆ. ಕೊನೆಗೆ ಬಳಗದವರು ಲಗ್ನಪತ್ರಿಕೆ ಕೊಡುವುದನ್ನೇ ಕಡಿಮೆ ಮಾಡಿದರು. ಉಳಿದದ್ದನ್ನು ಗೆದ್ದಲು ಓದಿತು.

ಕರಾರಿನ ವಿಷಯ ಸ್ವಲ್ಪ ತಿಳಿದುಕೊಳ್ಳಿ, ಇವತ್ತಲ್ಲ ನಾಳೆ ಬೇಕಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಬರಹಗಾರನ ಪರವಾಗಿಯೇ ಇದೆ. ನಾವು ಅದನ್ನು ಓದುವುದಿಲ್ಲ, ಅಷ್ಟೇ. ನೀವು ಬರೆದ ಕ್ಷಣದಿಂದ ಕಥೆಯ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನೀವು ಇರುವವರೆಗೆ, ಆಮೇಲೆ 60 ವರ್ಷ, ಅದು ನಿಮ್ಮ ಮತ್ತು ನಿಮ್ಮ ವಾರಸುದಾರರ ಆಸ್ತಿ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡವರು ಒಂದು ವರ್ಷ ಸುಮ್ನೆ ಕೂತರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ನಿಮಗೆ ವಾಪಸ್. ಹಾಗಾಗಿ ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಅನ್ನುವ ಒಂದು ಸಾಲಿಗೆ ಸಹಿ ಹಾಕಬೇಡಿ. ಕನ್ನಡ ಪುಸ್ತಕದ ಹಕ್ಕು ಕೊಡಿ, ಇಷ್ಟು ಪ್ರತಿಗೆ ಅಥವಾ ಇಷ್ಟು ವರ್ಷಕ್ಕೆ ಅಂತ ಬರೆಸಿ. ಅನುವಾದ, ಸಿನಿಮಾ, ಆಡಿಯೋ ನಿಮ್ಮ ಹತ್ತಿರವೇ ಇರಲಿ. ಅನುವಾದ ಅಂದರೆ ನಗಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. 50,000 ಪೌಂಡಿನ ಬಹುಮಾನ ಇಬ್ಬರಿಗೂ ಸಮ ಪಾಲು. ಅವೂ ಕನ್ನಡದ ಸಣ್ಣ ಕಥೆಗಳೇ.

ದುಡ್ಡಿನ ಮಾತು ಇಷ್ಟು ಸಾಕು. ನಿಮ್ಮ ಕಥೆಗೆ ಬರುತ್ತೇನೆ. ನನಗೆ ಖುಷಿ ಕೊಟ್ಟದ್ದು, ಸಿಟ್ಟು ತರಿಸಿದ್ದು ಎರಡೂ ಅದೇ.

ಮೊದಲ ಸಾಲು: ‘ಮೂಡಣದಲ್ಲಿ ಸೂರ್ಯನು ಕೆಂಬಣ್ಣದ ಓಕುಳಿ ಚೆಲ್ಲುತ್ತಾ ಉದಯಿಸುತ್ತಿದ್ದನು, ಹಕ್ಕಿಗಳ ಇಂಚರ ಕಿವಿಗೆ ಇಂಪಾಗಿತ್ತು.’ ಅಲ್ರೀ, ಸುಗ್ಗಿ ಕಾಲದಲ್ಲಿ ಬೆಳಿಗ್ಗೆ ಗಂಜಿನಲ್ಲಿ ಹಕ್ಕಿ ದನಿ ಕೇಳಿಸುತ್ತಾ? ಟ್ರ್ಯಾಕ್ಟರು, ಲಾರಿ ಹಾರ್ನು, ಹಮಾಲರ ಕೂಗು, ಟೇಪ್ ಹಚ್ಚಿದ ಚಹಾ ಅಂಗಡಿ. ಇಂಚರ ನಿಮ್ಮ ಕಿವಿಯಿಂದ ಬಂದಿಲ್ಲ, ಪಾಠಪುಸ್ತಕದಿಂದ ಬಂದಿದೆ. ಅಲ್ಲಿಂದ ಮೂರು ಪುಟ ಮುದುಕಿಯ ಮದುವೆ, ಗಂಡ ಸತ್ತದ್ದು, ಕಾಲುವೆ ನೀರು ಕೊನೆ ಭಾಗಕ್ಕೆ ಬಾರದ್ದು. ಎಲ್ಲ ನಿಜವೇ ಇರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರ ಕಷ್ಟ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆದರೆ ಆ ಮೂರು ಪುಟದಲ್ಲಿ ಕಥೆ ಇನ್ನೂ ಶುರುವೇ ಆಗಿಲ್ಲ.

ನಾಲ್ಕನೇ ಪುಟಕ್ಕೆ ಬಂದೆ. ಕೂತಲ್ಲೇ ನೆಟ್ಟಗಾದೆ.

ಮುದುಕಿ ಭತ್ತ ತಂದಿದ್ದಾಳೆ. ತೂಕ ಆಯಿತು. ಚೀಟಿಯಲ್ಲಿ 39 ಚೀಲ ಅಂತ ಬಂತು. ಅವಳಿಗೆ ಓದಲು ಬರುವುದಿಲ್ಲ. ಎಲೆಅಡಿಕೆ ಸಂಚಿ ಬಿಚ್ಚಿ ಗುಮಾಸ್ತನ ಮೇಜಿನ ಮೇಲೆ ಭತ್ತದ ಕಾಳು ಸುರಿಯುತ್ತಾಳೆ. ಮನೆಯಲ್ಲಿ ಚೀಲ ಹೊಲಿಯುವಾಗ ಒಂದೊಂದು ಚೀಲಕ್ಕೆ ಒಂದೊಂದು ಕಾಳು ಸಂಚಿಗೆ ಹಾಕಿಕೊಂಡಿದ್ದಳು. ಎಣಿಸು ಅನ್ನುತ್ತಾಳೆ. 40 ಇವೆ.

ಇದು ನಡೆದದ್ದೋ ನೀವು ಕಟ್ಟಿದ್ದೋ ನಾನು ಕೇಳುವುದಿಲ್ಲ. ನಡೆದಿದ್ದರೂ ಎಲ್ಲರ ಕಣ್ಣಿಗೆ ಬೀಳುವಂಥದ್ದಲ್ಲ ಇದು. ಮೂವತ್ತು ವರ್ಷದಿಂದ ಬೇರೆಯವರ ಹಸ್ತಪ್ರತಿ ಓದುತ್ತಿದ್ದೇನೆ, ಇಂಥ ಒಂದು ಜಾಗ ಇದ್ದರೆ ಆ ಮನುಷ್ಯನಿಗೆ ‘ಬರೆಯಪ್ಪ’ ಅನ್ನುತ್ತೇನೆ. ಆ 40 ಕಾಳು ಯಾವ ಪಾಠಪುಸ್ತಕದಿಂದಲೂ ಬಂದಿಲ್ಲ. ಕಥೆ ಅಲ್ಲಿಂದಲೇ ಶುರುವಾಗಲಿ. ಗಂಡ ಸತ್ತದ್ದು, ನೀರು ಬಾರದ್ದು ಎಲ್ಲ ಕಾಳು ಎಣಿಸುವಾಗ ನಡುನಡುವೆ ಬರಬಹುದು. ಹದಿನೇಳನೇ ಕಾಳಿಗೆ ಒಂದು ಮಾತು, ಇಪ್ಪತ್ತೆಂಟಕ್ಕೆ ಒಂದು. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾದರೆ ಇನ್ನೂ ಒಳ್ಳೆಯದು. ಎಣಿಸುವುದು ಮುಗಿದರೆ ಏನೋ ಆಗಲಿದೆ ಅಂತ ಓದುವವನಿಗೆ ಗೊತ್ತು. ಹಾಗಾಗಿ ನೀವು ಎಷ್ಟು ಹೊತ್ತು ಎಣಿಸಿದರೂ ಅವನು ಎದ್ದು ಹೋಗುವುದಿಲ್ಲ.

ಇನ್ನು ಸಿಟ್ಟಿನ ಮಾತು. ಕಾಳು ಎಣಿಸಿದ ಮೇಲೆ ಸಾಹುಕಾರ ಬರುತ್ತಾನೆ, ಕಣ್ಣು ಕೆಂಪಗೆ ಮಾಡುತ್ತಾನೆ, ‘ಹೋಗ್ ಮುದುಕಿ’ ಅನ್ನುತ್ತಾನೆ, ಕಾಳುಗಳನ್ನು ನೆಲಕ್ಕೆ ಸರಿಸುತ್ತಾನೆ. ಮುದುಕಿ ಅಳುತ್ತಾಳೆ. ಗುಮಾಸ್ತನ ಕಣ್ಣು ಒದ್ದೆಯಾಗುತ್ತದೆ. ಮುಗಿಯಿತು. ಸಿನಿಮಾದ ಸಾಹುಕಾರ ಇವನು. ಹೊಟ್ಟೆ, ಉಂಗುರ, ಕೆಂಪು ಕಣ್ಣು.

ನೀವು ದಿನಾ ಕಿರ್ದಿ ಬರೆಯುವವರು. ಒಂದೇ ಕಡೆ ಬರೆದು ಇನ್ನೊಂದು ಕಡೆ ಖಾಲಿ ಬಿಟ್ಟರೆ ಲೆಕ್ಕ ಕೂಡುತ್ತಾ? ಈ ಕಥೆಯಲ್ಲಿ ಸಾಹುಕಾರನ ಪುಟ ಖಾಲಿ ಇದೆ. ಅವನಿಗೂ ಒಂದು ಲೆಕ್ಕ ಇರುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಿತ್ತುವಾಗ ಗೊಬ್ಬರಕ್ಕೆ ಆ ಮುದುಕಿಗೆ ಮುಂಗಡ ಕೊಟ್ಟವನು ಅವನೇ ಇರಬಹುದು. ಅವಳಿಗೆ ಬೇರೆ ಯಾರೂ ಕೊಟ್ಟಿರಲಿಕ್ಕಿಲ್ಲ. ಮಿಲ್ಲಿನವರು ಅವನಿಗೆ ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲದಿರಬಹುದು. ‘ಒಂದು ಚೀಲ ತೇವಕ್ಕೆ ಹೋಯ್ತು’ ಅಂತ ಅವನು ನಿಜವಾಗಿಯೂ ನಂಬಿರಬಹುದು. ಅವನು ಒಳ್ಳೆಯವನು ಅಂತ ಬರೆಯಿರಿ ಅನ್ನುತ್ತಿಲ್ಲ. ಅವನ ಬಾಯಿಗೆ ಅವನ ನ್ಯಾಯ ಕೊಡಿ ಅಂತ.

ತೊಗಲುಗೊಂಬೆಯಾಟ ನೋಡಿದ್ದೀರಲ್ಲ. ಪರದೆಯ ಹಿಂದೆ ಕೂತವರೇ ರಾಮನಿಗೂ ಮಾತಾಡಬೇಕು, ರಾವಣನಿಗೂ ಮಾತಾಡಬೇಕು. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಪತ್ರಿಕೆಯಲ್ಲಿ ನೋಡಿರುತ್ತೀರಿ. ಅಂಥ ಆಟ ಸಿಕ್ಕರೆ ಹೋಗಿ ಕೂತುಬಿಡಿ. ರಾವಣನ ಗೊಂಬೆ ಎತ್ತಿದಾಗ ದನಿ ಹೇಗೆ ಬದಲಾಗುತ್ತದೆ ಅಂತ ಕೇಳಿಸಿಕೊಳ್ಳಿ. ಆ ಹೊತ್ತಿಗೆ ಅವರು ಪೂರ್ತಿ ರಾವಣನ ಕಡೆ. ಕಥೆ ಕಮ್ಮಟಗಳಲ್ಲಿ ನಾನು ಹೇಳುವುದಕ್ಕಿಂತ ಜಾಸ್ತಿ ಅಲ್ಲಿ ಕಲಿಯಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚೀಟಿಯಲ್ಲಿ 39 ಅಂತ ಬರೆದದ್ದು ಯಾರ ಕೈ? ಸಾಹುಕಾರ ಬರೆಯಲಿಲ್ಲ. ಗುಮಾಸ್ತ ಬರೆದ. ನಿಮ್ಮ ಕಥೆಯಲ್ಲಿ ಗುಮಾಸ್ತ ಗೋಡೆಗೆ ಆತು ನಿಂತು ಮರುಗುತ್ತಾನೆ. ಅವನ ಕೈಯಲ್ಲಿ ಪೆನ್ನು ಇತ್ತು ಅನ್ನುವುದನ್ನು ನೀವು ಮರೆತಿದ್ದೀರಿ, ಅಥವಾ ಮರೆಸಿದ್ದೀರಿ. ಮುದುಕಿ ಕಾಳು ಸುರಿದದ್ದು ಸಾಹುಕಾರನ ಮುಂದಲ್ಲ, ಅವನ ಮುಂದೆ. ‘ಎಣಿಸು’ ಅಂದದ್ದು ಅವನಿಗೆ. ಅವನಿಗೆ 40 ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಒಂದೊಂದೇ ಕಾಳು ಎಣಿಸಬೇಕು. ಕೊನೆಗೆ ಅವನು ಬಾಯಿ ಬಿಟ್ಟು ಎಷ್ಟು ಅಂತ ಹೇಳುತ್ತಾನೆ? ಅದು ನಿಮ್ಮ ಕಥೆ. ಸಾಹುಕಾರ ಬರುವುದೇ ಬೇಕಾಗಿಲ್ಲ. ಒಳಗಿನ ಕೋಣೆಯಿಂದ ಅವನ ಕೆಮ್ಮು ಕೇಳಿಸಿದರೆ ಸಾಕು.

ಹೀಗೆ ಬರೆದರೆ ನಿಮ್ಮ ಭಯವೂ ಅರ್ಧ ಕಡಿಮೆಯಾಗುತ್ತದೆ, ನೋಡಿ. ಹೆಸರು ಬದಲಿಸಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸಾಲದು. ಓದಿದವರಿಗೆ ಇಂಥವರೇ ಅಂತ ಗುರುತು ಸಿಕ್ಕಿದರೆ ಮಾನನಷ್ಟದ ದೂರಿಗೆ ಹೆಸರೇ ಬೇಕಾಗಿಲ್ಲ. ‘ಪಾತ್ರಗಳೆಲ್ಲ ಕಾಲ್ಪನಿಕ’ ಅಂತ ಮೊದಲ ಪುಟದಲ್ಲಿ ಹಾಕಿದ ಸಾಲು ಎಲ್ಲ ಸಲವೂ ಕಾಪಾಡುವುದಿಲ್ಲ. ದೂರು, ಕೋರ್ಟು ಬಿಡಿ, ಸೋಮವಾರ ಬೆಳಿಗ್ಗೆ ನೀವು ಅದೇ ಅಂಗಡಿಗೆ ಹೋಗಬೇಕು. ನಿಮ್ಮ ಸಾಹುಕಾರನ ಮುರಿದ ಹಲ್ಲು, ಬಿಳಿ ಬುಲೆಟ್ಟು, ಮಂಗಳವಾರದ ಉಪವಾಸ ಮೂರನ್ನೂ ಬರೆದಿದ್ದೀರಿ. ಊರವರಿಗೆ ಆಧಾರ್ ಕಾರ್ಡ್ ತೋರಿಸಿದ ಹಾಗಿದೆ. ಅಂಗಡಿಯನ್ನು ಹತ್ತಿಗೆ ತಿರುಗಿಸಿ, ರಾಯಚೂರಿನಲ್ಲಿ ಹತ್ತಿ ವ್ಯಾಪಾರಕ್ಕೇನು ಕಡಿಮೆ? ಬೇಡ, ಆಗ ಕಾಳು ಹೋಗುತ್ತದೆ. ಹಾಗಾದರೆ ಮನುಷ್ಯನನ್ನು ಬದಲಿಸಿ. ಮೂರು ಜನರನ್ನು ಕಲಸಿ ಒಬ್ಬನನ್ನು ಮಾಡಿ. ಒಬ್ಬರ ಮಾತು, ಇನ್ನೊಬ್ಬರ ನಡಿಗೆ, ಸತ್ತುಹೋದ ನಿಮ್ಮ ಸೋದರಮಾವನ ಜಿಪುಣತನ. ಹಾಗೆ ಮಾಡಿದವನು ನಿಮ್ಮ ಸಾಹುಕಾರ ಆಗಿರುವುದಿಲ್ಲ, ಆದರೆ ಜೀವಂತ ಇರುತ್ತಾನೆ.

ಇನ್ನು ಮಾಸ್ತರ ‘ಶುದ್ಧ ಕನ್ನಡ’. ನಿಮ್ಮ ಮುದುಕಿಯ ಮಾತು ಹೀಗಿದೆ: ‘ಎಣಸಪ ತಮ್ಮ, ಚೀಲಕ್ಕೊಂದ್ ಕಾಳ ಹಾಕೀನಿ.’ ಮಾಸ್ತರ ಪ್ರಕಾರ ತಿದ್ದಿದರೆ: ‘ತಮ್ಮಾ, ಎಣಿಸು. ಪ್ರತಿಯೊಂದು ಚೀಲಕ್ಕೂ ಒಂದೊಂದು ಕಾಳನ್ನು ಹಾಕಿದ್ದೇನೆ.’ ಎರಡನ್ನೂ ಗಟ್ಟಿಯಾಗಿ ಓದಿ. ಎರಡನೆಯದನ್ನು ಹೇಳಿದವಳಿಗೆ ಚೀಟಿ ಓದಲು ಬರುತ್ತದೆ. ಕಥೆಯೇ ಬಿದ್ದುಹೋಯಿತು.

ಮಾಸ್ತರಿಗೆ ಎರಡು ಮಾತು ಹೇಳಿ, ಮರ್ಯಾದೆಯಿಂದಲೇ. ಒಂದು, 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಆ ಕೊಪಣವೇ ನಮ್ಮ ಕೊಪ್ಪಳ. ಈ ಕಡೆಯ ಕನ್ನಡ ಅಶುದ್ಧ ಅನ್ನುವ ಮಾತು ಯಾವಾಗ ಶುರುವಾಯಿತೋ! ಎರಡು, ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆಗಿತ್ತು. ಆಡಳಿತದ ಜೊತೆ ಮಾತೂ ಬಂತು. ಜಮಾ, ಖರ್ಚು, ಬಾಕಿ, ವಸೂಲಿ ಯಾವುದು ‘ಶುದ್ಧ’? ಅವನ್ನೆಲ್ಲ ತೆಗೆದರೆ ನಿಮ್ಮ ಕಿರ್ದಿ ಪುಸ್ತಕದಲ್ಲಿ ಅಂಕಿಗಳು ಮಾತ್ರ ಉಳಿಯುತ್ತವೆ.

ಹಾಗಂತ ನೀವು ಬರೆದ ರೀತಿಯೂ ಸರಿಯಿಲ್ಲ. ಒಂದೇ ಪುಟದಲ್ಲಿ ಒಬ್ಬನೇ ಹಮಾಲ ‘ಮಾಡಕತ್ತೀನಿ’, ‘ಮಾಡಾಕತ್ತೇನಿ’, ‘ಮಾಡ್ಲಿಕತ್ತೀನಿ’ ಮೂರೂ ಹೇಳುತ್ತಾನೆ. ಒಂದು ಆರಿಸಿಕೊಳ್ಳಿ, ಅವನ ಬಾಯಿಗೆ ಕೊನೆವರೆಗೂ ಅದೇ ಇರಲಿ. ಪ್ರತಿ ಉಸಿರನ್ನೂ ಅಕ್ಷರದಲ್ಲಿ ಹಿಡಿಯಲು ಹೋಗಬೇಡಿ, ಓದುವವನು ಎಡವುತ್ತಾನೆ. ಕ್ರಿಯಾಪದದ ಕೊನೆ, ನಾಲ್ಕೈದು ಪದ, ಮಾತಿನ ಏರಿಳಿತ ಇಷ್ಟಿದ್ದರೆ ಮೈಸೂರಿನ ಓದುಗನಿಗೂ ಕೇಳಿಸುತ್ತದೆ. ನಿರೂಪಣೆ ಸರಳ ಬರಹದ ಕನ್ನಡದಲ್ಲಿರಲಿ. ಪೂರ್ತಿ ಕಥೆಯನ್ನು ಆಡುಮಾತಿನಲ್ಲೇ ಹೇಳಬಹುದು, ಅದಕ್ಕೆ ಹೇಳುವವನು ಯಾರು ಅಂತ ಖಚಿತ ಇರಬೇಕು. ನಿಮ್ಮ ಗುಮಾಸ್ತ ಬರೆಯುವ ಕೆಲಸದವನು, ಅವನ ಕೈಗೆ ಬರಹದ ಕನ್ನಡವೇ ಬರುತ್ತದೆ.

ನೀವು ಮರೆತ ಇನ್ನೊಂದು ಸಂಗತಿ. ನಿಮ್ಮ ಗಂಜಿನಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರಾ? ಕಥೆಯಲ್ಲಿ ಆಡುತ್ತಾರೆ. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಿವೆ. ಅವರ ಕನ್ನಡದಲ್ಲಿ ತೆಲುಗಿನ ರಾಗ ಇದೆ. ಹಮಾಲರಲ್ಲಿ ಎಷ್ಟೋ ಜನ ಮನೆಯಲ್ಲಿ ದಖನಿ ಉರ್ದು ಆಡುವವರು. ಬ್ಯಾಂಕಿಗೆ ವರ್ಗವಾಗಿ ಬಂದ ಹಾಸನದ ಹುಡುಗ ಬೇರೆ. ‘ಅದ’ ಅನ್ನುವವರು, ‘ಐತಿ’ ಅನ್ನುವವರು, ಬಳ್ಳಾರಿ ಕಡೆಯಿಂದ ಬಂದು ‘ಐತೆ’ ಅನ್ನುವವರು ಒಂದೇ ಚಹಾ ಅಂಗಡಿಯಲ್ಲಿ ನಿಂತಿರುತ್ತಾರೆ. ಇದನ್ನು ಹಿಡಿದರೆ ‘ಅಂದ ರಾಮರಾಜು’, ‘ಅಂದ ಖಾಸಿಂ’ ಅಂತ ಸಾಲುಸಾಲಿಗೂ ಹೇಳಬೇಕಾಗಿಲ್ಲ. ಮಾತೇ ಹೇಳುತ್ತದೆ ಯಾರದು ಅಂತ. ಕೊನೆಯಲ್ಲಿ ಪದಗಳ ಅರ್ಥ ಕೊಟ್ಟಿದ್ದೀರಿ, ತೆಗೆದುಬಿಡಿ. ಸಂಚಿ ಅಂದರೆ ಏನು ಅಂತ ಅವಳು ಬಿಚ್ಚಿದಾಗ ಗೊತ್ತಾಗುತ್ತದೆ.

ಎಲ್ಲಿಗೆ ಕಳಿಸುವುದು? ಮೊದಲು ಬಿಡಿ ಕಥೆಗಳು ಅಚ್ಚಾಗಲಿ. ಭಾನುವಾರದ ಪುರವಣಿಗಳು, ಮಯೂರ, ತುಷಾರದಂಥ ಮಾಸಿಕಗಳು, ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ಇವೆ. ಸಂಭಾವನೆ ಚಿಕ್ಕದು, ಕೆಲವೆಡೆ ಇಲ್ಲ. ಆದರೆ ಅಲ್ಲಿ ನಿಮ್ಮನ್ನು ಅರಿಯದ ಒಬ್ಬರು ಕೂತು ನಿಮ್ಮ ಕಥೆ ಓದಿ ‘ಇರಲಿ’ ಅಥವಾ ‘ಬೇಡ’ ಅನ್ನುತ್ತಾರೆ. 45,000 ತಗೊಳ್ಳುವವರು ಯಾವತ್ತೂ ‘ಬೇಡ’ ಅನ್ನುವುದಿಲ್ಲ, ಅದೇ ಅವರ ತೊಂದರೆ. ಒಂದು ಕಥೆ ಒಂದು ಕಡೆಗೆ ಮಾತ್ರ ಕಳಿಸಿ, ಮೂರು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ ವಾಪಸ್ ಪಡೆಯುತ್ತಿದ್ದೇನೆ ಅಂತ ಒಂದು ಸಾಲು ಬರೆದು ಬೇರೆ ಕಡೆ ಕಳಿಸಿ. ಸ್ಪರ್ಧೆಗೆ ಇಟ್ಟ ಕಥೆಯನ್ನು ಫೇಸ್‌ಬುಕ್‌ಗೆ, ಪ್ರತಿಲಿಪಿ ಅನ್ನುವ ಕಥೆಗಳ ಜಾಲತಾಣಕ್ಕೆ ಹಾಕಬೇಡಿ. ಹೆಚ್ಚಿನ ಸ್ಪರ್ಧೆಗಳ ನಿಯಮದಲ್ಲಿ ‘ಎಲ್ಲೂ ಪ್ರಕಟವಾಗಿರಬಾರದು’ ಅಂತ ಇರುತ್ತದೆ, ಜಾಲತಾಣವೂ ಅದರಲ್ಲಿ ಸೇರುತ್ತದೆ. ಹಾಗಂತ ಪ್ರತಿಲಿಪಿ ಕೆಟ್ಟದ್ದೇನಲ್ಲ. ಅಲ್ಲಿ ಧಾರಾವಾಹಿಗೆ ಓದುಗರು ಜಾಸ್ತಿ, ನಿಮ್ಮ ಥರದ ಸಣ್ಣ ಕಥೆಗೆ ಅದು ಸರಿಯಾದ ಜಾಗವಲ್ಲ ಅನ್ನುವುದು ನನ್ನ ಅಂದಾಜು.

ಟೈಪಿಂಗ್ ಬಗ್ಗೆ ಒಂದು ಮಾತು. ನೀವು ಕಳಿಸಿದ ಕಥೆ ಹಳೆಯ ನುಡಿ ಫಾಂಟಿನಲ್ಲಿತ್ತು, ಈಗ ಎಲ್ಲೆಡೆ ತೆರೆಯುವ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು, ದೀರ್ಘ ಎಲ್ಲ ಹಾರಿಹೋಗಿ ಒಂದು ಗಂಟೆ ಒದ್ದಾಡಿದೆ. ನೇರ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೊಬೈಲ್‌ನಲ್ಲಾದರೂ ಸರಿ. ಕಳಿಸುವ ಮುಂಚೆ ಒಂದು ಸಲ ಕಾಗದದ ಮೇಲೆ ತೆಗೆದು ಓದಿ. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುತ್ತದೆ.

ಎಲ್ಲ ಬಾಗಿಲು ತಟ್ಟಿ, ಎರಡು ವರ್ಷ ಕಳೆದು, ಏನೂ ಆಗಲಿಲ್ಲ ಅನ್ನಿ. ಆಗ ನೀವೇ ಹಾಕಿಸಿ, 300 ಪ್ರತಿ ಸಾಕು. ಗದಗ, ಹುಬ್ಬಳ್ಳಿ, ಬೆಂಗಳೂರು ಮೂರು ಕಡೆ ದರ ಕೇಳಿ. ಐಎಸ್‌ಬಿಎನ್ ಸಂಖ್ಯೆಗೆ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ದುಡ್ಡು ಕೇಳಿದರೆ ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಕರಡು ತಿದ್ದಲು ಮಾತ್ರ ಬೇರೆಯವರನ್ನು ಹಿಡಿಯಿರಿ, ಅದಕ್ಕೆ ದುಡ್ಡೂ ಕೊಡಿ. ಮಾಸ್ತರನ್ನೇ ಕೇಳಬಹುದು, ಕಾಗುಣಿತ ಅವರಿಗೆ ಚೆನ್ನಾಗಿ ಬರುತ್ತದೆ. ಮಾತುಕತೆ ಮುಟ್ಟದಂತೆ ಹೇಳಿ. ಅಂಗಡಿಗಳನ್ನು ನಂಬಿ ಕೂರಬೇಡಿ. ಜಿಲ್ಲಾ, ತಾಲೂಕು ಸಮ್ಮೇಳನದ ಮಳಿಗೆ, ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆ, ಕಾಲೇಜಿನ ಕನ್ನಡ ವಿಭಾಗ ಇಲ್ಲೆಲ್ಲ ಕೈಯಲ್ಲಿ ಪುಸ್ತಕ ಹಿಡಿದು ನಿಲ್ಲಬೇಕು. ನಾಚಿಕೆ ಆಗುತ್ತದೆ, ಮೊದಲ ಹತ್ತು ಪ್ರತಿಗೆ. ನನ್ನ ಮೂರನೇ ಪುಸ್ತಕ ಹೀಗೇ ಖಾಲಿಯಾಯಿತು. ಒಗ್ಗರಣೆ-ಮಿರ್ಚಿ ಅಂಗಡಿಯ ಪಕ್ಕ ನನ್ನ ಮಳಿಗೆ, ಎಣ್ಣೆ ಕೈಯಲ್ಲಿ ಪುಟ ತಿರುವಿದವರು ತಪ್ಪಿಗೆ ಕೊಂಡುಕೊಳ್ಳಲೇಬೇಕಾಯಿತು.

ಬರೆದು ಬದುಕಬಹುದಾ ಅಂದಿರಿ. ಇಲ್ಲ. ಕನ್ನಡದಲ್ಲಿ ಬರೀ ಕಥೆ ಬರೆದು ಮನೆ ನಡೆಸಿದವರು ಬೆರಳೆಣಿಕೆ. ನಾನು ಮೇಷ್ಟ್ರಾಗಿದ್ದೆ, ಸಂಬಳ ಇತ್ತು, ಬರೆದೆ. ಲೆಕ್ಕ ಬರೆಯುವ ಕೆಲಸ ಬಿಡಬೇಡಿ. ಹೊಟ್ಟೆಗೆ ಅಂತ ಮಾತ್ರ ಹೇಳುತ್ತಿಲ್ಲ. ಆ ಕೆಲಸ ಬಿಟ್ಟರೆ ಕಾಳು ಸುರಿಯುವ ಮುದುಕಿ ನಿಮ್ಮ ಮೇಜಿಗೆ ಬರುವುದಿಲ್ಲ.

ಕಥೆ ತಿದ್ದಿ ನನಗೆ ಕಳಿಸಿ. ಉಳಿದ ಎಂಟು ಬೇಡ, ಇದೊಂದೇ. ಗುಮಾಸ್ತ ಕೊನೆಗೆ 39 ಅಂದನೋ 40 ಅಂದನೋ ನೋಡಬೇಕು ನನಗೆ.

ಶನಿವಾರ ಅವರ ಫೋನ್ ಬಂದರೆ ಜಗಳ ಏನೂ ಬೇಡ. ‘ಇನ್ನಾ ತಿದ್ದಾಕತ್ತೀನ್ರಿ’ ಅನ್ನಿ. ಸುಳ್ಳೇನಲ್ಲವಲ್ಲ.